ಕೈಗೆ ಮರುಪಾಠ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರು ಆಲ್ಕೊಳವನ್ನು ದಾಟಿ ಹೋಗುತ್ತಾರೆ. ಅಲ್ಲಿಯ ವಿದ್ಯುತ್ ವಿತರಣಾ ಕೇಂದ್ರದ ಹೆಸರನ್ನು ಊರಿನವರು ಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ದ ಪ್ರಕಟಣೆಗಳಲ್ಲಿ ಮೇಲಿಂದ ಮೇಲೆ ಓದಿ ಬಲ್ಲರು. ಇಂಥ ಕೇಂದ್ರದಿಂದ ಹೊರಟ ತಂತಿಗಳು ಬೀದಿಯ ಕಂಬಗಳಲ್ಲಿ ಪಿಂಗಾಣಿಯ ಬಟ್ಟಲುಗಳನ್ನು ಆತುಕೊಂಡು ಸಾಗುತ್ತವೆ. ಮನೆಯೊಳಗೆ ಬಂದ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಹೊದ್ದುಕೊಳ್ಳುತ್ತವೆ. ಆ ಹೊದಿಕೆ ಅಲ್ಲಲ್ಲಿ ಕಿತ್ತುಹೋದರೆ ದೀಪ ಮಿಣುಕುತ್ತದೆ, ಫ್ಯಾನು ತಡೆತಡೆದು ತಿರುಗುತ್ತದೆ, ಒಮ್ಮೊಮ್ಮೆ ಎಲ್ಲವೂ ನಿಂತುಹೋಗುತ್ತದೆ. ದೀಪದಲ್ಲಿ ದೋಷವಿಲ್ಲ, ಫ್ಯಾನಿನಲ್ಲಿಯೂ ಇಲ್ಲ, ದೋಷವಿರುವುದು ನಡುದಾರಿಯಲ್ಲಿ.

ನಮ್ಮ ಶರೀರದಲ್ಲಿಯೂ ಹೊದಿಕೆಯುಳ್ಳ ತಂತಿಗಳಿವೆ. ಮಿದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ತೋಳಿಗೆ ಮತ್ತು ಬೆರಳುಗಳಿಗೆ ಆಜ್ಞೆಯನ್ನು ಒಯ್ಯುವ ನರತಂತುಗಳ ಮೇಲೆ ಕೊಬ್ಬು ಹಾಗೂ ಪ್ರೋಟೀನುಗಳಿಂದಾದ ಬಿಳಿಯ ಪೊರೆಯೊಂದು ಸುರುಳಿಸುರುಳಿಯಾಗಿ ಸುತ್ತಿಕೊಂಡಿರುತ್ತದೆ. 1854ರಲ್ಲಿ ಜರ್ಮನಿಯ ವಿರ್ಕೋ ಇದಕ್ಕೆ ಮೈಲಿನ್ ಎಂದು ಹೆಸರಿಟ್ಟನು. ಈ ಪೊರೆ ಅಖಂಡವಲ್ಲ. ನಡುನಡುವೆ ಕಿರಿದಾದ ಬಯಲುಗಳಿವೆ ಎಂಬುದನ್ನು 1870ರ ದಶಕದಲ್ಲಿ ಫ್ರಾನ್ಸಿನ ರಾನ್ವಿಯೇ ತೋರಿಸಿದನು. ನರಸಂದೇಶವು ತಂತುವಿನ ಉದ್ದಕ್ಕೂ ತೆವಳುವುದಿಲ್ಲ, ಒಂದು ಬಯಲಿನಿಂದ ಮತ್ತೊಂದಕ್ಕೆ ನೆಗೆಯುತ್ತದೆ ಎಂಬುದು ಜಪಾನಿನ ತಸಾಕಿ 1939ರಲ್ಲಿಯೂ ಇಂಗ್ಲೆಂಡಿನಲ್ಲಿ ಹಕ್ಸ್ಲಿ ಮತ್ತು ಸ್ಟೆಂಪ್ಫ್ಲಿ 1949ರಲ್ಲಿಯೂ ನಡೆಸಿದ ಪ್ರಯೋಗಗಳಿಂದ ಸ್ಥಿರಪಟ್ಟಿತು. ನೆಗೆತದ ಲಾಭ ಅಲ್ಪವಾದುದಲ್ಲ. ಪೊರೆಯಿಲ್ಲದ ತೆಳುತಂತುವಿನಲ್ಲಿ ಸಂದೇಶವು ಸೆಕೆಂಡಿಗೆ ಒಂದೆರಡು ಮೀಟರು ನಡೆದರೆ, ಪೊರೆಯುಳ್ಳ ದಪ್ಪ ತಂತುವಿನಲ್ಲಿ 120 ಮೀಟರುಗಳವರೆಗೂ ಓಡುತ್ತದೆ. ಆರೋಗ್ಯವಂತನ ಮಿದುಳಿನಿಂದ ಹೊರಟ ಅಪ್ಪಣೆ ಬೆರಳಿನ ಸ್ನಾಯುವನ್ನು ಮುಟ್ಟುವುದಕ್ಕೆ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು.

ಈ ಪೊರೆಯ ಮೇಲೆ ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಾಗಿ ದಾಳಿಮಾಡುವ ರೋಗವೊಂದುಂಟು. ಅದೇ ಮಲ್ಟಿಪಲ್ ಸ್ಕ್ಲೀರೋಸಿಸ್. ‘ಸ್ಕ್ಲೀರೋಸಿಸ್’ ಎಂದರೆ ಗಡುಸಾಗುವಿಕೆ. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿ ಅಲ್ಲೊಂದು ಇಲ್ಲೊಂದು ಗಡುಸಾದ ಕಲೆಗಳಾಗುವುದರಿಂದ ಈ ಹೆಸರು. 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಶಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವರ್ಣಿಸಿದನು. ಅವನು ಮುಖ್ಯವೆಂದು ಹೇಳಿದ ಲಕ್ಷಣಗಳಲ್ಲಿ ಒಂದು ಕೈಗೆ ಸಂಬಂಧಿಸಿದುದು: ಕೈ ಸುಮ್ಮನಿರುವಾಗ ನಡುಗದೆ, ಲೋಟವನ್ನು ಹಿಡಿಯಹೋದಾಗ, ಲೋಟ ಹತ್ತಿರವಾದಷ್ಟೂ ಹೆಚ್ಚಾಗಿ ನಡುಗುವುದು.

ರೋಗ ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ತಲೆದೋರುತ್ತದೆ; ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಉತ್ತರ ಯೂರೋಪಿನ ಹಲವು ದೇಶಗಳಲ್ಲಿ ಲಕ್ಷ ಜನರಿಗೆ 100ನ್ನು ಮೀರಿದ ರೋಗಿಗಳಿದ್ದಾರೆ. ನಮ್ಮಲ್ಲಿ ಅಷ್ಟಿಲ್ಲ. ಮಂಗಳೂರು ನಗರದಲ್ಲಿ ನರರೋಗತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಗಣನೆ ನಡೆಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಲಕ್ಷಕ್ಕೆ ಸುಮಾರು 8 ಮಂದಿ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದಲ್ಲಿ ಸುಮಾರು 3.2 ಲಕ್ಷ, ಭದ್ರಾವತಿಯಲ್ಲಿ ಸುಮಾರು 1.5 ಲಕ್ಷ ಜನರಿದ್ದರು. ಮಂಗಳೂರಿನ ಪ್ರಮಾಣವನ್ನೇ ಇಲ್ಲಿಗೂ ಅನ್ವಯಿಸಿದರೆ ಈ ಎರಡು ಊರುಗಳಲ್ಲಿ 35ರಿಂದ 40 ಮಂದಿ ರೋಗಿಗಳಿರಬೇಕೆಂದಾಗುತ್ತದೆ. ಇದು ಗುಣಾಕಾರದಿಂದ ಬಂದ ಅಂದಾಜೇ ಹೊರತು ಮನೆಮನೆಯಲ್ಲಿ ಎಣಿಸಿದ್ದಲ್ಲ. ಆದರೂ ಬೀದಿಯ ಮೂಲೆಯಲ್ಲಿ, ಕಾಲೇಜಿನ ಬೆಂಚಿನಲ್ಲಿ, ಗುಂಡಿ ಹಾಕಿಕೊಳ್ಳಲು ಹೆಣಗುತ್ತಿರುವ ಒಂದು ಕೈ ನಮ್ಮ ನಡುವೆಯೇ ಇರಬಹುದೆಂಬುದನ್ನು ತಿಳಿಯಲು ಅಷ್ಟು ಸಾಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತೋಳಿನ ಮೂಳೆ, ಕೀಲು, ಸ್ನಾಯು, ಬೆನ್ನುಹುರಿಯಿಂದ ಹೊರಬಿದ್ದು ತೋಳಿನಲ್ಲಿ ಹರಡಿಕೊಂಡಿರುವ ನರಗಳು, ಇವಾವುವೂ ಈ ರೋಗದ ಗುರಿಯಲ್ಲ. ಕೆಟ್ಟಿರುವುದು ಮೇಲಿನಿಂದ ಆಜ್ಞೆ ಇಳಿದುಬರುವ ದಾರಿ. ಪೊರೆ ಹರಿದ ತಂತುಗಳಲ್ಲಿ ಕೆಲವು ಸಂದೇಶಗಳು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಒಂದೇ ಕೆಲಸಕ್ಕೆ ಒಟ್ಟಾಗಿ ತಲುಪಬೇಕಾಗಿದ್ದ ಸಾವಿರಾರು ಸಂದೇಶಗಳು ಜಾತ್ರೆಯಿಂದ ಮರಳುವವರಂತೆ ಹಿಂದುಮುಂದಾಗಿ ಬಂದು ಸೇರಿದರೆ ಬೆರಳಿಗೆ ಬಲವೂ ಇರದು, ನಯವೂ ಇರದು. ಇದರ ಜೊತೆಗೆ ಸ್ಪರ್ಶಜ್ಞಾನ ಮಂದವಾಗಬಹುದು, ಸ್ನಾಯುಗಳು ಬಿಗಿಯಬಹುದು. ರೋಗ ಹಳೆಯದಾದಂತೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕೈಗಳ ಚಾತುರ್ಯ ಒಂದಿಲ್ಲೊಂದು ಮಟ್ಟಿಗೆ ಕುಗ್ಗುತ್ತದೆ.

ವಿಶ್ರಾಂತಿಯೆಂಬ ಔಷಧ

ಇಂಥ ಕೈಗೆ ಏನು ಮಾಡಬೇಕು? ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರು ಕೊಟ್ಟ ಉತ್ತರ ಒಂದೇ: ದಣಿಸಬೇಡಿರಿ. ಈ ಉತ್ತರಕ್ಕೆ ಕಾರಣವಾದುದು ಒಂದು ನಿಜವಾದ ವೀಕ್ಷಣೆಯೇ. 1890ರಲ್ಲಿ ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ ಎಂಬಾತನು, ತನ್ನ ಕೆಲವು ರೋಗಿಗಳಿಗೆ ಶ್ರಮಪಟ್ಟು ನಡೆದಾಗ ದೃಷ್ಟಿ ಮಸುಕಾಗಿ, ವಿಶ್ರಮಿಸಿದಾಗ ಮರಳಿ ತಿಳಿಯಾಗುವುದನ್ನು ಕಂಡನು. ಶ್ರಮವೇ ಇದಕ್ಕೆ ಕಾರಣವೆಂದು ಬಗೆದನು. ಮುಂದೆ ತಿಳಿದುಬಂದುದೇನೆಂದರೆ, ತೊಂದರೆ ಕೊಡುವುದು ಶ್ರಮವಲ್ಲ, ಶ್ರಮದಿಂದ ಹುಟ್ಟುವ ಶಾಖ. ಮೈಯ ಉಷ್ಣತೆ ಅರ್ಧ ಡಿಗ್ರಿಯಷ್ಟು ಏರಿದರೂ ಪೊರೆ ಕಳೆದುಕೊಂಡ ತಂತುವಿನಲ್ಲಿ ಸಂದೇಶದ ನೆಗೆತ ಸೋತುಹೋಗಬಹುದು. ಸ್ಕ್ಯಾನಿಂಗ್ ಯಂತ್ರಗಳಿಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿ ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗವನ್ನು ಗುರುತಿಸುವ ಕ್ರಮವೂ ಇದ್ದಿತು. ಮೈ ತಣ್ಣಗಾದೊಡನೆ ಈ ಹೆಚ್ಚಳ ಇಳಿಯುತ್ತದೆ. ನರಕ್ಕೆ ಹೊಸ ಹಾನಿ ಆಗಿರುವುದಿಲ್ಲ. ಆದರೆ ವ್ಯಾಯಾಮದಿಂದ ರೋಗ ಉಲ್ಬಣಿಸುತ್ತದೆ ಎಂಬ ಭಯ ಒಮ್ಮೆ ನೆಲೆಯೂರಿದ ಮೇಲೆ ಅದನ್ನು ಕೀಳುವುದಕ್ಕೆ ನೂರು ವರ್ಷ ಹಿಡಿಯಿತು.

ಆ ಕೆಲಸಕ್ಕೆ ನಾಂದಿಯಾದ ಪ್ರಯೋಗಗಳಲ್ಲಿ ಮುಖ್ಯವಾದುದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪೆಟಜನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದುದು. ಅವರು 54 ಮಂದಿ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿನವರು ಕೈಗಳಿಂದಲೂ ಕಾಲುಗಳಿಂದಲೂ ತುಳಿಯುವ, ನಿಂತಲ್ಲೇ ನಿಂತಿರುವ ಸೈಕಲ್ಲಿನಂಥ ಯಂತ್ರದ ಮೇಲೆ ವಾರಕ್ಕೆ 3 ಸಲ, ಸಲಕ್ಕೆ 40 ನಿಮಿಷ, 15 ವಾರಗಳ ಕಾಲ ವ್ಯಾಯಾಮ ಮಾಡಿದರು. ಮತ್ತೊಂದು ಗುಂಪಿನವರು ಮಾಡಲಿಲ್ಲ. ವ್ಯಾಯಾಮ ಮಾಡಿದವರ ತೋಳುಕಾಲುಗಳ ಬಲ ಹೆಚ್ಚಿತು, ಆಮ್ಲಜನಕವನ್ನು ಬಳಸುವ ಶಕ್ತಿ ಹೆಚ್ಚಿತು, ಮನಸ್ಸಿನ ಖಿನ್ನತೆ ತಗ್ಗಿತು. ರೋಗದ ತೀವ್ರತೆಯನ್ನು ಅಳೆಯುವ ಅಂಕದಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಈ ಕೊನೆಯ ಮಾತನ್ನು ನಾವು ಮರೆಯಬಾರದು. ವ್ಯಾಯಾಮ ರೋಗವನ್ನು ಗುಣಪಡಿಸುವುದಿಲ್ಲ. ಆದರೆ ಭಯಪಟ್ಟಂತೆ ಅದು ರೋಗವನ್ನು ಕೆರಳಿಸುವುದೂ ಇಲ್ಲ: 2014ರಲ್ಲಿ ಇಂಥ 26 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ವ್ಯಾಯಾಮ ಮಾಡಿದವರಲ್ಲಿ ರೋಗ ಮರುಕಳಿಸಿದುದು ಮಾಡದವರಿಗಿಂತ ಹೆಚ್ಚಾಗಿರಲಿಲ್ಲ.

ಒಂಬತ್ತು ಕುಳಿ, ಹದಿನಾಲ್ಕು ಕುಳಿ

ಮೇಲೆ ಹೇಳಿದ ‘ತೀವ್ರತೆಯ ಅಂಕ’ವನ್ನು 1983ರಲ್ಲಿ ಅಮೆರಿಕದ ಕುರ್ಟ್ಜ್ಕೆ ಈಗಿನ ರೂಪಕ್ಕೆ ತಂದನು. ಸೊನ್ನೆಯಿಂದ 10ರವರೆಗಿನ ಈ ಮಾನದಂಡ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲೊಂದು ಪಕ್ಷಪಾತವಿದೆ. 4ನ್ನು ದಾಟಿದ ಮೇಲೆ ಅದು ಬಹುಮಟ್ಟಿಗೆ ನಡಿಗೆಯನ್ನೇ ಅಳೆಯುತ್ತದೆ: ಎಷ್ಟು ದೂರ ನಡೆಯಬಲ್ಲ, ಕೋಲು ಬೇಕೇ, ಗಾಲಿಕುರ್ಚಿ ಬೇಕೇ? ಕೈ ತನ್ನ ಪಾಡಿಗೆ ತಾನು ಕ್ಷೀಣಿಸುತ್ತಿದ್ದರೂ ಅಂಕ ಅಲುಗಾಡದೆ ನಿಂತಿರಬಹುದು. ನಡೆಯಲಾರದವನಿಗೆ ಕೈಯೇ ಕಾಲು ಕೂಡ ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲವೆಂದು ನಮಗೆ ತೋರುತ್ತದೆ. ಅಳೆಯದ ವಸ್ತುವಿನ ಕಡೆಗೆ ಚಿಕಿತ್ಸೆಯ ಗಮನವೂ ತಡವಾಗಿ ಹರಿಯಿತು.

ಕೈಯನ್ನು ಅಳೆಯುವ ಸಾಧನವೇನೋ ಬಹಳ ಸರಳವಾದುದು. ಒಂದು ಹಲಗೆ, ಅದರಲ್ಲಿ 9 ಕುಳಿಗಳು, ಪಕ್ಕದ ತಟ್ಟೆಯಲ್ಲಿ 9 ಗೂಟಗಳು. ಒಂದೊಂದಾಗಿ ಗೂಟವನ್ನೆತ್ತಿ ಕುಳಿಗಳಲ್ಲಿ ನಿಲ್ಲಿಸಿ, ಮರಳಿ ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಬೇಕು. ಗಡಿಯಾರ ಹಿಡಿದು ಕಾಲವನ್ನು ಎಣಿಸುತ್ತಾರೆ. ಮೊದಲು ರೂಢಿಯ ಕೈ, ಆಮೇಲೆ ಇನ್ನೊಂದು ಕೈ. ಆರೋಗ್ಯವಂತರಾದ ತರುಣರಿಗೆ 20 ಸೆಕೆಂಡಿನ ಸುಮಾರು ಸಾಕು. ರೋಗಿಗೆ 40 ಸೆಕೆಂಡು ಬೇಕಾಗಬಹುದು, ನಿಮಿಷಗಳೇ ಬೇಕಾಗಬಹುದು. ಕಾಲದಲ್ಲಿ 20 ಶೇಕಡಾದಷ್ಟು ವ್ಯತ್ಯಾಸ ಕಂಡರೆ ಅದು ದಿನನಿತ್ಯದ ಕೆಲಸದಲ್ಲಿಯೂ ತೋರುವಷ್ಟು ಬದಲಾವಣೆಯೆಂದು ತಜ್ಞರು ಗಣಿಸುತ್ತಾರೆ.

ಮಲೆನಾಡಿನ ಮನೆಗಳಲ್ಲಿ ಹುಟ್ಟಿಬೆಳೆದವರಿಗೆ ಈ ಹಲಗೆಯನ್ನು ಕಂಡೊಡನೆ ಅಟ್ಟದ ಮೇಲಿರುವ ಅಳಗುಳಿಮಣೆಯ ನೆನಪಾಗದಿರದು. ಸಾಲಿಗೆ 7ರಂತೆ 14 ಕುಳಿಗಳು, ಹುಣಸೆಬೀಜ ಅಥವಾ ಗುಲಗಂಜಿ. ಕುಳಿಯಿಂದ ಬೀಜಗಳನ್ನೆಲ್ಲ ಗೋರಿ ಅಂಗೈಯಲ್ಲಿ ಹಿಡಿದು, ಉಳಿದವು ಜಾರದಂತೆ ಒಂದೊಂದನ್ನೇ ಬೆರಳತುದಿಗೆ ತಂದು ಮುಂದಿನ ಕುಳಿಗೆ ಬಿಡುವ ಈ ಆಟದಲ್ಲಿ ಗೂಟದ ಹಲಗೆಗಿಂತ ಹೆಚ್ಚಿನ ಕೈಚಳಕವಿದೆ. ಅಂಗೈಯಿಂದ ಬೆರಳತುದಿಗೆ ವಸ್ತುವನ್ನು ಸಾಗಿಸುವುದು ಕೈ ಮಾಡುವ ಅತಿ ನಾಜೂಕಿನ ಕೆಲಸಗಳಲ್ಲೊಂದು. ಬಸ್ಸಿನಲ್ಲಿ ಚಿಲ್ಲರೆ ಎಣಿಸಿ ಕೊಡುವಾಗ ನಾವೆಲ್ಲರೂ ಅರಿವಿಲ್ಲದೆ ಮಾಡುವುದು ಅದನ್ನೇ.

ಕೈ ಎರಡು ಬಗೆಯಲ್ಲಿ ಸೋಲುತ್ತದೆ ಎಂಬುದು ಈ ವಿಷಯದ ತಿರುಳು. ಮೊದಲನೆಯ ಸೋಲು ಪೊರೆ ಹರಿದುದರಿಂದ ಬರುವುದು. ಎರಡನೆಯದು ಬಳಸದೆ ಬಿಟ್ಟದ್ದರಿಂದ ಬರುವುದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಕಪಿಗಳಲ್ಲಿ ಒಂದು ತೋಳಿನ ಸ್ಪರ್ಶನರಗಳನ್ನು ಕತ್ತರಿಸಿದಾಗ ಅವು ಆ ತೋಳನ್ನು ಉಪಯೋಗಿಸುವುದನ್ನೇ ಬಿಟ್ಟುವು. ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ‘ಸತ್ತ’ ತೋಳಿನಿಂದಲೇ ಆಹಾರವನ್ನು ಎತ್ತಿಕೊಂಡುವು! ಆ ತೋಳಿಗೆ ಚಲಿಸುವ ಶಕ್ತಿ ಇದ್ದಿತು. ಕೆಲವು ಸಲ ಯತ್ನಿಸಿ ಸೋತ ಕಪಿ, ಯತ್ನಿಸದಿರುವುದನ್ನು ಕಲಿತುಬಿಟ್ಟಿತ್ತು. ಪಾರ್ಶ್ವವಾಯು ತಗಲಿದವರಲ್ಲಿಯೂ ಇದೇ ಬಗೆಯ ‘ಕಲಿತ ನಿರುಪಯೋಗ’ವನ್ನು ಟೌಬ್ ಗುರುತಿಸಿದನು. ಅಲಬಾಮದಲ್ಲಿ ಅವನೂ ವಿಕ್ಟರ್ ಮಾರ್ಕ್ ಎಂಬ ವೈದ್ಯನೂ ಕೂಡಿ ಮಲ್ಟಿಪಲ್ ಸ್ಕ್ಲೀರೋಸಿಸ್‌ನ ಕೆಲವೇ ರೋಗಿಗಳ ಮೇಲೆ ನಡೆಸಿದ ಮೊದಲ ಪ್ರಯತ್ನದ ವರದಿ 2008ರಲ್ಲಿ ಹೊರಬಂದಿತು. ಚೆನ್ನಾಗಿರುವ ಕೈಗೆ ದಪ್ಪ ಕೈಚೀಲವನ್ನು ತೊಡಿಸಿ, ಎಚ್ಚರವಿರುವ ಹೊತ್ತಿನ ಬಹುಭಾಗ ದುರ್ಬಲವಾದ ಕೈಯಿಂದಲೇ ಕೆಲಸ ಮಾಡಿಸಿದಾಗ ಅದರ ಬಳಕೆ ಮನೆಯಲ್ಲಿಯೂ ಹೆಚ್ಚಿತು. ಎರಡು ಕೈಗಳೂ ಸೋತವರಿಗೆ ಈ ಉಪಾಯ ಹೊಂದುವುದಿಲ್ಲವೆಂಬುದು ಸ್ಪಷ್ಟ.

ನಮ್ಮ ಮನೆಗಳಲ್ಲಿ ಕಲಿತ ನಿರುಪಯೋಗಕ್ಕೆ ಗುರು ಬೇಕಾಗಿಲ್ಲ. ವಾತ್ಸಲ್ಯವೇ ಅದನ್ನು ಕಲಿಸುತ್ತದೆ. “ಅಮ್ಮಾ, ನೀನು ಸುಮ್ಮನೆ ಕೂತಿರು, ಕಾಯಿ ನಾನು ತುರೀತೀನಿ” ಎಂದು ಮಗಳು ತುರಿಮಣೆಯನ್ನು ಎಳೆದುಕೊಳ್ಳುತ್ತಾಳೆ. ನಾಳೆ ತರಕಾರಿ, ನಾಳಿದ್ದು ಜಡೆ, ಆಮೇಲೆ ಅನ್ನ ಕಲಸುವುದು. ತಾಯಿಯ ಕೈಗೆ ದಿನದಿಂದ ದಿನಕ್ಕೆ ಕೆಲಸ ಇಲ್ಲವಾಗುತ್ತದೆ. ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಮಿದುಳಿನಲ್ಲಿ ಆ ಬೆರಳುಗಳಿಗಾಗಿ ಮೀಸಲಾಗಿದ್ದ ಎಡೆಯೂ ಕುಗ್ಗುತ್ತದೆ. ಈ ಎರಡನೆಯ ಸೋಲನ್ನು ರೋಗದ ಲೆಕ್ಕಕ್ಕೆ ಬರೆದುಬಿಡುವುದು ಸರಿಯಲ್ಲ. ಅದನ್ನು ಮರಳಿ ಪಡೆಯಬಹುದು.

ಬೇರೊಬ್ಬರು ಕೈಯನ್ನು ಹಿಡಿದು ಆಡಿಸಿದರೆ ಸಾಲದೇ? ಈ ಪ್ರಶ್ನೆಗೆ ಇಟಲಿಯ ಜಿನೋವಾ ನಗರದ ವಿಜ್ಞಾನಿಗಳು 2014ರಲ್ಲಿ ಸೊಗಸಾದ ಉತ್ತರವನ್ನು ಕೊಟ್ಟರು. 30 ಮಂದಿ ರೋಗಿಗಳಲ್ಲಿ 15 ಮಂದಿ ತಾವೇ ಇಚ್ಛಾಪೂರ್ವಕವಾಗಿ ವಸ್ತುಗಳನ್ನು ಹಿಡಿಯುವ, ಇಡುವ, ತಿರುಗಿಸುವ ಅಭ್ಯಾಸಗಳನ್ನು ಮಾಡಿದರು. ಉಳಿದ 15 ಮಂದಿಯ ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳನ್ನು ಚಿಕಿತ್ಸಕರೇ ಆಡಿಸಿದರು. ಇಬ್ಬರಿಗೂ ಒಂದೊಂದು ಗಂಟೆಯ 20 ಪಾಠಗಳು. ಆ ಎರಡು ತಿಂಗಳ ಮೊದಲೂ ಅನಂತರವೂ ಸ್ಕ್ಯಾನಿಂಗ್‌ನಿಂದ ಮಿದುಳಿನ ಬಿಳಿಯ ಭಾಗವನ್ನು, ಎಂದರೆ ಪೊರೆಯುಳ್ಳ ತಂತುಗಳ ಕಟ್ಟುಗಳನ್ನು, ಪರೀಕ್ಷಿಸಿದರು. ತಾವೇ ದುಡಿದವರಲ್ಲಿ ಈ ಕಟ್ಟುಗಳು ಮೊದಲಿನ ಸ್ಥಿತಿಯಲ್ಲಿಯೇ ಉಳಿದಿದ್ದುವು. ಆಡಿಸಿಕೊಂಡವರಲ್ಲಿ, ಎರಡು ಅರೆಮಿದುಳುಗಳನ್ನು ಜೋಡಿಸುವ ಸೇತುವೆಯಲ್ಲಿಯೂ ಕೈಗೆ ಆಜ್ಞೆ ಇಳಿಯುವ ಮಾರ್ಗದಲ್ಲಿಯೂ ಅವು ಇನ್ನಷ್ಟು ಕೆಟ್ಟಿದ್ದುವು. ಇದು ಸಣ್ಣ ಪ್ರಯೋಗ. ಆದರೂ ಕಾರಣವನ್ನು ಊಹಿಸುವುದು ಕಷ್ಟವಲ್ಲ: ಬೇರೊಬ್ಬರು ಬೆರಳನ್ನು ಮಡಿಸಿದಾಗ ಮಿದುಳು ಅಪ್ಪಣೆಯನ್ನು ಕೊಟ್ಟಿರುವುದಿಲ್ಲ, ದಾರಿ ಖಾಲಿಯಾಗಿಯೇ ಇರುತ್ತದೆ.

ಇಲ್ಲಿಗೆ ನಾವು ಮೊದಲು ಕೊಟ್ಟ ತಂತಿಯ ಹೋಲಿಕೆ ಮುರಿದುಬೀಳುತ್ತದೆ. ತಾಮ್ರದ ತಂತಿಯಲ್ಲಿ ವಿದ್ಯುತ್ತು ಎಷ್ಟು ಹರಿದರೂ ಅದರ ಹೊದಿಕೆ ತಾನಾಗಿ ಬೆಳೆಯದು. ನರತಂತುವಿನ ಮಾತು ಬೇರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಿಚರ್ಡ್ಸನ್ ಮತ್ತು ಸಂಗಡಿಗರು ಇಲಿಗಳನ್ನು ಒಂದು ವಿಚಿತ್ರ ಚಕ್ರದಲ್ಲಿ ಓಡಿಸಿದರು. ಅದರ ಮೆಟ್ಟಿಲುಕಡ್ಡಿಗಳು ಸಮದೂರದಲ್ಲಿರಲಿಲ್ಲವಾದ್ದರಿಂದ ಓಡುವ ಹೊಸ ವಿದ್ಯೆಯನ್ನು ಇಲಿ ಕಲಿಯಬೇಕಾಗಿತ್ತು. ಪೊರೆಯನ್ನು ನೇಯುವ ಹೊಸ ಜೀವಕೋಶಗಳು ಹುಟ್ಟದಂತೆ ತಡೆದ ಇಲಿಗಳು ಈ ವಿದ್ಯೆಯನ್ನು ಸರಿಯಾಗಿ ಕಲಿಯಲಾರದೆ ಹೋದುವು. 2014ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ, ವಯಸ್ಕ ಮಿದುಳು ಕೂಡ ಕೌಶಲವನ್ನು ಕಲಿಯುವಾಗ ಹೊಸ ಪೊರೆಯನ್ನು ನೇಯುತ್ತದೆ ಎಂಬುದು. ಇಲಿಯ ಚಕ್ರದಿಂದ ಮನುಷ್ಯನ ರೋಗಕ್ಕೆ ಒಮ್ಮೆಗೇ ಜಿಗಿಯುವುದು ಅವಸರವಾದೀತು. ರೋಗಿಯಲ್ಲಿ ಮರುಹುಟ್ಟುವ ಪೊರೆ ತೆಳ್ಳಗಿರುತ್ತದೆ, ಹಲವೆಡೆ ಹುಟ್ಟುವುದೇ ಇಲ್ಲ. 1993ರಿಂದೀಚೆಗೆ ಬಂದಿರುವ ಔಷಧಗಳು ಮುಂದಿನ ದಾಳಿಗಳನ್ನು ತಗ್ಗಿಸುತ್ತವೆ. ಆಗಿಹೋದ ಹಾನಿಯನ್ನು ತುಂಬಿಕೊಡಲಾರವು. ಅಭ್ಯಾಸಕ್ಕೆ ಎಡೆಯಿರುವುದು ಆ ತೆರವಿನಲ್ಲಿ.

ಮನೆಯಲ್ಲಿ ಅಭ್ಯಾಸ

ಅಭ್ಯಾಸದ ಕ್ರಮವನ್ನು ಭೌತಚಿಕಿತ್ಸಕರು, ಎಂದರೆ ಫಿಸಿಯೋಥೆರಪಿಸ್ಟರು, ಕೈಯನ್ನು ನೋಡಿ ಗೊತ್ತುಮಾಡುತ್ತಾರೆ. ಬಲ ಸಾಲದ ಕೈಗೆ ರಬ್ಬರ್ ಪಟ್ಟಿಯನ್ನು ಎಳೆಯುವುದು, ಗಟ್ಟಿಯಾದ ಹಿಟ್ಟಿನಂಥ ವಸ್ತುವನ್ನು ಹಿಸುಕುವುದು. ಬೇಗ ದಣಿಯುವ ತೋಳಿಗೆ ಕೈಸೈಕಲ್ಲು. ಬಿಗಿದ ಸ್ನಾಯುವಿಗೆ ನಿಧಾನವಾದ ಸೆಳೆತ. ಸ್ಪರ್ಶ ಮಂದವಾದ ಬೆರಳಿಗೆ, ಕಣ್ಣು ಮುಚ್ಚಿ ಚೀಲದೊಳಗಿನ ನಾಣ್ಯವನ್ನೂ ಗುಂಡಿಯನ್ನೂ ಬೇರ್ಪಡಿಸುವ ಆಟ. ನಡುಗುವ ಕೈಗೆ ಮೊಣಕೈಯನ್ನು ಮೇಜಿನ ಮೇಲೆ ಊರಿಕೊಂಡರೆ ಅನುಕೂಲ.

ಇದಕ್ಕೆಲ್ಲ ಪೇಟೆಯ ಸಾಮಾನೇ ಬೇಕೆಂದಿಲ್ಲ. ಅಕ್ಕಿರೊಟ್ಟಿಗೆ ಹಿಟ್ಟು ನಾದುವುದು ಬಲದ ವ್ಯಾಯಾಮವೇ. ರೊಟ್ಟಿ ತಟ್ಟುವುದು ಅಂಗೈಯನ್ನು ತೆರೆಯುವ ವ್ಯಾಯಾಮ. ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುವಾಗ ಎರಡು ಕೈಗಳೂ ಬೇರೆಬೇರೆ ಕೆಲಸಗಳನ್ನು ಏಕಕಾಲದಲ್ಲಿ ಹೊಂದಿಸಿಕೊಳ್ಳಬೇಕು. ರಂಗೋಲಿಯ ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಅಳತೆಯಾಗಿ ಬಿಡುವುದಕ್ಕೆ ಎಷ್ಟು ಸೂಕ್ಷ್ಮವಾದ ಒತ್ತಡ ಬೇಕೆಂಬುದು ಬಿಟ್ಟವರಿಗೇ ಗೊತ್ತು. ಆದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಬಳಿಗೆ ನಡುಗುವ ಕೈ, ಸ್ಪರ್ಶವಿಲ್ಲದ ಕೈ ಹೋಗಕೂಡದು. ಬಿಸಿಹಂಚಿನ ಬಳಿಗೂ ಅಷ್ಟೆ. ಕೆಲಸವು ಸುಲಭವೆನಿಸಿದೊಡನೆ ಅದನ್ನು ಸ್ವಲ್ಪ ಕಠಿಣಗೊಳಿಸಬೇಕು, ಹುಣಸೆಬೀಜದ ಬದಲು ಹೆಸರುಕಾಳು ಎಂಬಂತೆ. ಸುಲಭವಾದುದನ್ನೇ ಸಾವಿರ ಸಲ ಮಾಡಿದರೆ ಕೈ ದಣಿದೀತೇ ವಿನಾ ಕಲಿಯದು.

ಶಿವಮೊಗ್ಗದಲ್ಲಿ ಏಪ್ರಿಲಿನ ಮಧ್ಯಾಹ್ನ 36 ಡಿಗ್ರಿ ದಾಟುವುದು ಅಪರೂಪವಲ್ಲವಾದ್ದರಿಂದ ಊಟ್‌ಹಾಫನ ವೀಕ್ಷಣೆಯನ್ನು ಇಲ್ಲಿ ಮರೆಯುವಂತಿಲ್ಲ. ಬೆಳಗಿನ ತಂಪಿನಲ್ಲಿ, ಫ್ಯಾನಿನ ಕೆಳಗೆ, ಬೇಕಾದರೆ ಕುತ್ತಿಗೆಗೆ ಒದ್ದೆಬಟ್ಟೆ ಸುತ್ತಿಕೊಂಡು, ಹತ್ತು ನಿಮಿಷ ಮಾಡಿ ಐದು ನಿಮಿಷ ವಿರಮಿಸುವುದು ಯುಕ್ತ. ಕಣ್ಣು ಮಸುಕಾದರೆ, ಕೈ ಭಾರವಾದರೆ ನಿಲ್ಲಿಸಿ ಮೈಯನ್ನು ತಂಪುಮಾಡಿಕೊಳ್ಳಬೇಕು. ಅದು ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಹೊಸ ತೊಂದರೆಯೊಂದು ಇಡೀ ದಿನ ಕಳೆದರೂ ಹೋಗದೆ ನಿಂತರೆ ಅದು ಶಾಖದ ಕೆಲಸವಲ್ಲ, ರೋಗದ ಮರುದಾಳಿಯಿರಬಹುದು. ಆಗ ಅಭ್ಯಾಸವನ್ನು ಬದಿಗಿರಿಸಿ ವೈದ್ಯರನ್ನು ಕಾಣಬೇಕು. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಿದೆ. ನರರೋಗಿಗಳ ಪುನಶ್ಚೇತನಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ. ರೋಗಿಗಳ ನೆರವಿಗಾಗಿ 1985ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಮಲ್ಟಿಪಲ್ ಸ್ಕ್ಲೀರೋಸಿಸ್ ಸೊಸೈಟಿ ಆಫ್ ಇಂಡಿಯಾ ಬೆಂಗಳೂರಿನಲ್ಲಿಯೂ ಶಾಖೆಯನ್ನು ಹೊಂದಿದೆ.

ನಮ್ಮ ಓದುಗರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳಾದ್ದರಿಂದ ಇನ್ನೊಂದು ಸಂಗತಿಯನ್ನು ತಿಳಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್‌ನ ಹೆಸರು ಸೇರಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಲಿಖಿತ ಪರೀಕ್ಷೆಗಳ ಮಾರ್ಗಸೂಚಿಯಂತೆ, ಶೇಕಡಾ 40 ಅಥವಾ ಅದಕ್ಕೂ ಮೇಲ್ಪಟ್ಟ ಅಂಗವೈಕಲ್ಯವುಳ್ಳ ಅಭ್ಯರ್ಥಿಯು ಬರೆಯಲು ಅಡ್ಡಿಯಿದೆಯೆಂಬ ಪ್ರಮಾಣಪತ್ರವನ್ನು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಿಂದ ತಂದರೆ ಲಿಪಿಕಾರನನ್ನು ಪಡೆಯಬಹುದಾಗಿತ್ತು. ಗಂಟೆಯೊಂದಕ್ಕೆ ಕಡಿಮೆಯೆಂದರೆ 20 ನಿಮಿಷದಂತೆ ಹೆಚ್ಚಿನ ಕಾಲವೂ ದೊರೆಯುತ್ತಿತ್ತು. ಮೂರು ಗಂಟೆಯ ಪ್ರಶ್ನೆಪತ್ರಿಕೆಗೆ ನಾಲ್ಕು ಗಂಟೆ.